ಹೋಗುವವರ ಕೈಯಲ್ಲಿ ಕಳಿಸಿದ ಬಂದೂಕು

ಮೊದಲೇ ಹೇಳಿಬಿಡುತ್ತೇನೆ, ನನಗೆ ಬಂದೂಕು ಎಂದರೆ ಆಗುವುದಿಲ್ಲ. ಟಿ.ವಿ.ಯಲ್ಲಿ ಕಂಡರೂ ಚಾನೆಲ್ ಬದಲಾಯಿಸುವವಳು ನಾನು. ಮೈಸೂರಿನಲ್ಲಿ ದೀಪಾವಳಿಗೆ ತಮ್ಮ ಪಟಾಕಿ ಹಚ್ಚಿದರೆ ಅಡುಗೆಮನೆಯ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ. ಅಂಥ ಶೈಲಜಾ, ಅಂದರೆ ನಾನು, ಅರವತ್ತರ ಹತ್ತಿರದ ಹೆಂಗಸು, ಒಂದು ಶನಿವಾರ ಬೆಳಿಗ್ಗೆ ಫ್ರೀವೇ ಪಕ್ಕದಲ್ಲಿ ಪೊಲೀಸನೊಬ್ಬ ನೋಡುತ್ತಿರುವಾಗ ಬಂದೂಕಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿದ್ದೆ. ಇದಕ್ಕೆ ಕಾರಣ ದ್ಯಾಮಕ್ಕ. ಅಲ್ಲ, ಸರಿಯಾಗಿ ಹೇಳಬೇಕೆಂದರೆ ಕಾರಣ ಅವರ ಗಂಡ. ದ್ಯಾಮಕ್ಕ ಅದನ್ನು ಸರಿಮಾಡಿದವರು.

ದ್ಯಾಮಕ್ಕ ಎಂದರೆ ದ್ಯಾಮವ್ವ, ಗೋಕಾಕದ ಕಡೆಯವರು. ಪ್ಲೆಸೆಂಟನ್ನಿನಲ್ಲಿ ನಮ್ಮಿಂದ ನಾಲ್ಕು ಮನೆ ಆಚೆ ಇದ್ದಾರೆ. ನನಗಿಂತ ಏಳು ವರ್ಷ ದೊಡ್ಡವರು. ಬರ್ಕ್ಲಿಯ ಒಂದು ಲ್ಯಾಬಿನಲ್ಲಿ ಇಪ್ಪತ್ನಾಲ್ಕು ವರ್ಷ ದುಡಿದು ನಿವೃತ್ತರಾದವರು. ಅಲ್ಲಿ ಅವರದು ಒಂದೇ ನಿಯಮವಂತೆ: ಚೀಟಿ ಇಲ್ಲದ ಸೀಸೆ ಮೇಜಿನ ಮೇಲೆ ಕಂಡರೆ ಎತ್ತಿ ಎಸೆಯುವುದು, ಅದು ಬರೀ ನೀರೇ ಆಗಿರಲಿ, ದೊಡ್ಡ ವಿಜ್ಞಾನಿಯದೇ ಆಗಿರಲಿ. ಮನೆಗೂ ಆ ಚಾಳಿ ಬಂತು. ಅವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಕ್ಕೂ ಚೀಟಿ, ಅದರ ಮೇಲೆ ತಾರೀಖು. ನಾನು ನಕ್ಕರೆ, “ಚೀಟಿ ಇಲ್ಲಂದ್ರ ಒಳಗ ಏನೈತಿ ಅಂತ ನೀ ಹೆಂಗ ಹೇಳ್ತಿ? ಡಬ್ಬಿ ಮಾರಿ ನೋಡಿ ಹೇಳ್ತಿಯೇನು?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಈ ದ್ಯಾಮಕ್ಕನ ಹತ್ತಿರ ಒಂದು ಜೋಡುನಳಿಗೆಯ ಬಂದೂಕು ಇತ್ತು. ಧಾರವಾಡದ ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ ಗುರಿ ಹೊಡೆದು ಒಂದು ಸ್ಟೀಲಿನ ಕಪ್ಪು ಗೆದ್ದಿದ್ದರಂತೆ. ಇಲ್ಲಿಗೆ ಬಂದ ಮೇಲೆ ಲ್ಯಾಬಿನ ಗೆಳತಿಯೊಬ್ಬಳು ಒಂದು ಭಾನುವಾರ ಮೈದಾನಕ್ಕೆ ಕರೆದೊಯ್ದಳು. ಅಲ್ಲಿ ಒಂದು ಯಂತ್ರ ಕೇಸರಿ ಬಣ್ಣದ ಮಣ್ಣಿನ ತಟ್ಟೆಗಳನ್ನು ಗಾಳಿಗೆ ಹಾರಿಸುತ್ತದೆ, ಇವರು ಹೊಡೆದು ಪುಡಿಮಾಡಬೇಕು. ಮೊದಲ ದಿನ ಇಪ್ಪತ್ತೈದಕ್ಕೆ ಮೂರು. ಹತ್ತೊಂಬತ್ತು ವರ್ಷದಲ್ಲಿ ಅದು ಇಪ್ಪತ್ತಮೂರಕ್ಕೆ ಬಂತು. ಇಷ್ಟಾಗಿ ಆಕೆ ಮೊಟ್ಟೆ ಕೂಡ ಮುಟ್ಟದವರು. ಗುಬ್ಬಿಯೊಂದು ಗಾಜಿಗೆ ಬಡಿದು ಬಿದ್ದರೆ ಅರ್ಧ ದಿನ ನೀರು ಹನಿಸುತ್ತ ಕೂರುವ ಜೀವ. ಆಯುಧಪೂಜೆಗೆ ಬಂದೂಕಿಗೆ ವಿಭೂತಿ ಹಚ್ಚಿ ಒಂದು ಚೆಂಡುಹೂ ಇಡುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಮಂಗಳಾರತಿ ತೆಗೆದುಕೊಂಡು ವಾಪಸು ಬರುತ್ತಿದ್ದೆ.

ಕಳೆದ ವರ್ಷ ಅವರ ಬಲಭುಜ ಕೈಕೊಟ್ಟಿತು. ಆಪರೇಷನ್ ಆಯಿತು. ಇನ್ನು ಬಂದೂಕಿನ ಹೊಡೆತ ಈ ಭುಜಕ್ಕೆ ಆಗದು ಎಂದರು ಡಾಕ್ಟರು. ದ್ಯಾಮಕ್ಕ ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಎಂಟನೆಯ ದಿನ ಫೋನ್ ಮಾಡಿ, “ಶೈಲಾ, ಬಂದೂಕು ಮಾರಾಕತ್ತೀನಿ. ಹೊಡಿಯವರ ಕೈಗೆ ಹೋಗಲಿ, ಕಪಾಟಿನ್ಯಾಗ ಕುಂತು ಏನ್ ಮಾಡ್ತೈತಿ” ಎಂದರು. ಸದ್ಯ, ಪೀಡೆ ತೊಲಗಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ತೊಲಗುವುದು ಅಷ್ಟು ಸುಲಭವಲ್ಲ ಎಂದು ಆಗ ನನಗೇನು ಗೊತ್ತು.

ಮೊದಲು ಬಂದವನು ಬರೀ ಈಮೇಲಿನ ಗಿರಾಕಿ. ಕೇಳಿದ್ದಕ್ಕಿಂತ ಒಂಬೈನೂರು ಡಾಲರ್ ಜಾಸ್ತಿಗೆ ಬ್ಯಾಂಕಿನ ಚೆಕ್ಕು ಕಳಿಸಿ, ತಪ್ಪಾಗಿ ಜಾಸ್ತಿ ಬರೆದಿದೆ, ಉಳಿದದ್ದನ್ನು ನಾಳೆಯೇ ವಾಪಸು ಹಾಕಿ ಎಂದ. ನಾನಾಗಿದ್ದರೆ ಪಾಪ ಎಂದು ಹಾಕಿಬಿಡುತ್ತಿದ್ದೆ. ದ್ಯಾಮಕ್ಕ ಚೆಕ್ಕನ್ನು ತಮ್ಮ ಖಾತೆಗೆ ತುಂಬಲೇ ಇಲ್ಲ. ಅದರ ಮೇಲೆ ಯಾವ ಬ್ಯಾಂಕಿನ ಹೆಸರಿತ್ತೋ ಆ ಬ್ಯಾಂಕಿನ ಶಾಖೆಗೇ ಹೋಗಿ, ಇದು ನಿಮ್ಮದೇನು ಎಂದು ಕೇಳಿದರು. ಚೆಕ್ಕು ನಕಲಿ. “ಖಾತೇದಾಗ ರೊಕ್ಕ ಕಂಡ್ರ ಬಂತು ಅಂತಲ್ಲ ಶೈಲಾ. ಹದಿನೈದು ದಿನ ಆದ ಮ್ಯಾಲೆ ತಿರುಗಿ ಹೋಗ್ತೈತಿ, ಆಗ ಬಂದೂಕೂ ಇಲ್ಲ, ರೊಕ್ಕಾನೂ ಇಲ್ಲ.” ಅವತ್ತೇ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರು: ಮೊದಲು ಕಾಗದ, ಆಮೇಲೆ ಗಟ್ಟಿಯಾದ ದುಡ್ಡು, ಕೊನೆಗೆ ಸಾಮಾನು, ಅದೂ ಅಂಗಡಿಯಿಂದ ಅಂಗಡಿಗೆ.

ಎರಡನೆಯವರು ಶಶಿಧರ. ಡಲ್ಲಾಸಿನಲ್ಲಿ ಹಲ್ಲಿನ ಡಾಕ್ಟರು. ಹಿಂದೆ ಇಲ್ಲೇ ಇದ್ದವರು, ದ್ಯಾಮಕ್ಕನ ಗಂಡ ಅಡಿವೆಪ್ಪನವರಿಗೆ ತಮ್ಮನಿದ್ದಂತೆ. ಮಗಳು ಐಶ್ವರ್ಯಾ ಶಾಲೆಯ ತಂಡದಲ್ಲಿ ಇದೇ ಮಣ್ಣಿನ ತಟ್ಟೆ ಹೊಡೆಯುವ ಹುಡುಗಿ. ಬೆಲೆ ಸಾವಿರದ ಆರುನೂರು ಎಂದು ಒಂದೇ ಮಾತಿನಲ್ಲಿ ಮುಗಿಯಿತು. ದ್ಯಾಮಕ್ಕ ಫ್ರಿಜ್ಜಿನ ಹಾಳೆ ಓದಲು ಶುರುಮಾಡಿದರು. ಅಂಚೆ ಕಚೇರಿಯ ಮನಿ ಆರ್ಡರು ಕಳಿಸಬೇಕು. ತಾನು ಅದನ್ನು ಅಂಚೆ ಕಚೇರಿಯಲ್ಲೇ ನಗದು ಮಾಡಿಸಿಕೊಂಡ ಮೇಲೆ ಇಲ್ಲಿಯ ಲೈಸೆನ್ಸ್ ಇರುವ ಅಂಗಡಿಗೆ ಬಂದೂಕು ಕೊಡುವುದು. ಆ ಅಂಗಡಿಯವರು ಡಲ್ಲಾಸಿನ ಲೈಸೆನ್ಸ್ ಇರುವ ಅಂಗಡಿಗೆ ಕಳಿಸುತ್ತಾರೆ. ಶಶಿಧರ ಅಲ್ಲಿ ಹೋಗಿ ಫಾರಂ ತುಂಬಿ, ತಪಾಸಣೆ ಮುಗಿದ ಮೇಲೆ ತೆಗೆದುಕೊಳ್ಳುವುದು.

ಫೋನು ಸ್ಪೀಕರಿನಲ್ಲಿತ್ತು. ನಾನೂ ಅಲ್ಲೇ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದೆ.

“ದ್ಯಾಮಕ್ಕ, ನಮ್ಮ ನಮ್ಮಲ್ಲೇ ಇಷ್ಟೆಲ್ಲ ಫಾರ್ಮಾಲಿಟಿ ಬೇಕಾ? ಫೋನಿನಲ್ಲೇ ಝೆಲ್ ಮಾಡಿ ದುಡ್ಡು ಹಾಕ್ಬಿಡ್ತೀನಿ, ಯಾರಾದ್ರೂ ಈ ಕಡೆ ಬರೋರಿದ್ರೆ ಕೊಟ್ಟು ಕಳ್ಸಿ.”

“ಯಾರರೆ ಬರವರ ಕೈಯಾಗ ಕೊಡಾಕ ಇದೇನು ಶೇಂಗಾ ಚಟ್ನಿಯೇನೋ?” ಎಂದರು ದ್ಯಾಮಕ್ಕ. “ಒಂದು ರಾಜ್ಯದಿಂದ ಇನ್ನೊಂದಕ್ಕ ಬಂದೂಕು ನನ್ನ ಕೈಯಿಂದ ನಿನ್ನ ಕೈಗೆ ಬರೂ ಹಂಗಿಲ್ಲ. ಅಂಗಡಿ ಮ್ಯಾಲೇ ಬರಬೇಕು. ನಮ್ಮವನು ಅಂತನ ಇಷ್ಟು ಹೇಳಾಕತ್ತೀನಿ. ಬ್ಯಾರೇದವನಾಗಿದ್ರ ಫೋನ್ ಇಟ್ಟಿರ್ತಿದ್ದೆ.”

ಶಶಿಧರ ನಕ್ಕು ಒಪ್ಪಿದರು. ಪಕ್ಕದಲ್ಲಿ ಕೂತಿದ್ದ ಅಡಿವೆಪ್ಪನವರ ಮುಖ ಮಾತ್ರ ಸಣ್ಣದಾಯಿತು. ತಮ್ಮನಂಥವನನ್ನು ಹೆಂಡತಿ ಕಳ್ಳನ ಹಾಗೆ ನಿಲ್ಲಿಸಿ ಮಾತಾಡಿದಳು ಎಂದು ಅವರಿಗೆ ನೋವು.

ಅಡಿವೆಪ್ಪನವರನ್ನು ಬೈಯುವ ಮುಂಚೆ ಅವರ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅಷ್ಟು ಒಳ್ಳೆಯ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಯಾರು ಎಲ್ಲಿಗೆ ಹೊರಟರೂ ಅವರ ಕೈಯಲ್ಲಿ ಇನ್ಯಾರಿಗೋ ಏನಾದರೂ ಕಳಿಸದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಬೆಂಗಳೂರಿಗೆ ಹೋಗುವವರ ಕೈಯಲ್ಲಿ ವಿಟಮಿನ್ ಮಾತ್ರೆ, ಬರುವವರ ಕೈಯಲ್ಲಿ ಕರದಂಟು. ಪಾಲೋ ಆಲ್ಟೋಗೆ ಆಫೀಸಿಗೆ ಹೋಗುವವನ ಕೈಯಲ್ಲಿ ಅವನ ಪರಿಚಯವೇ ಇಲ್ಲದ ಬಾಣಂತಿಗೆ ಅಂಟಿನುಂಡೆ. ನಾವೆಲ್ಲ ಇದನ್ನು ಮಾಡುವವರೇ. ಯಾರದೋ ಡಬ್ಬ ಬಿಚ್ಚಿ ನೋಡದೆ ಸೂಟ್‌ಕೇಸಿಗೆ ತುರುಕಿಕೊಂಡಿದ್ದೇವೆ. ಬಿಚ್ಚಿ ನೋಡಿದರೆ ಎದುರಿನವರಿಗೆ ಅವಮಾನವೆಂಬ ದಾಕ್ಷಿಣ್ಯ.

ಅವರ ಮನೆಯ ಹಿಂಭಾಗದ ಸಣ್ಣ ಮನೆಯಲ್ಲಿ ಹರ್ಷಿತಾ ಎಂಬ ಹುಡುಗಿ ನಾಲ್ಕು ವರ್ಷದಿಂದ ಬಾಡಿಗೆಗೆ ಇದ್ದಳು. ಬೆಂಗಳೂರಿನವಳು, ಎಂಜಿನಿಯರು, ಈ ದೇಶದಲ್ಲಿ ಎಂಟು ವರ್ಷದಿಂದ ವೀಸಾದ ಮೇಲೆ ಇರುವವಳು. ಡಲ್ಲಾಸಿನಲ್ಲಿ ಹೊಸ ಕೆಲಸ ಸಿಕ್ಕಿತ್ತು, ಆ ಕಂಪನಿ ಗ್ರೀನ್ ಕಾರ್ಡಿಗೂ ಹಾಕುವುದಾಗಿ ಹೇಳಿತ್ತು. ಶನಿವಾರ ಕಾರಿನಲ್ಲಿ ಸಾಮಾನು ತುಂಬಿಕೊಂಡು ಹೊರಡುವುದೆಂದು ನಿಶ್ಚಯವಾಗಿತ್ತು.

ಡಲ್ಲಾಸಿಗೆ ಹೊರಟ ಕಾರು ಮನೆಯ ಮುಂದೆ, ಡಲ್ಲಾಸಿಗೆ ಹೋಗಬೇಕಾದ ಪೆಟ್ಟಿಗೆ ಮನೆಯ ಒಳಗೆ. ಅಡಿವೆಪ್ಪನವರ ಕೈ ಸುಮ್ಮನಿರುತ್ತದೆಯೇ?

ಆ ಶನಿವಾರ ಒಂಬತ್ತು ಗಂಟೆಗೆ ನಾನು ಅವರ ಮನೆಗೆ ಹೋದೆ. ದ್ಯಾಮಕ್ಕನ ಬಲಗೈ ಇನ್ನೂ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು, ಅಡಿವೆಪ್ಪನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ನಾಲ್ಕು ದಿನ. ಹಾಗಾಗಿ ಬಂದೂಕಿನ ಅಂಗಡಿಗೆ ಕಾರು ಓಡಿಸುವ ಭಾಗ್ಯ ನನ್ನದು. ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಬೇಡ, ಡಿಕ್ಕಿಯಲ್ಲೇ ಇರಬೇಕು, ನಾನು ಮುಟ್ಟುವುದಿಲ್ಲ ಎಂದು ಮೊದಲೇ ಕರಾರು ಮಾಡಿಕೊಂಡಿದ್ದೆ. ಶಶಿಧರ ಕಳಿಸಿದ ಎರಡು ಮನಿ ಆರ್ಡರು ಗುರುವಾರವೇ ನಗದಾಗಿದ್ದವು. ಅಲ್ಲಿಯ ಅಂಗಡಿಯ ಲೈಸೆನ್ಸಿನ ಪ್ರತಿಯೂ ಬಂದು ಫೈಲಿನಲ್ಲಿ ಕೂತಿತ್ತು. ಉಳಿದದ್ದು ಸಾಮಾನು ತಲುಪಿಸುವುದೊಂದೇ.

ದ್ಯಾಮಕ್ಕ ಎಡಗೈಯಲ್ಲಿ ಕಬ್ಬಿಣದ ಕಪಾಟು ತೆರೆದರು. ಒಳಗೆ ಪೆಟ್ಟಿಗೆ ಇರಲಿಲ್ಲ.

“ಏನ್ರೀ, ಪೆಟ್ಟಿಗಿ ಎಲ್ಲಿ?”

ಅಡಿವೆಪ್ಪನವರು ಕಪ್ಪು ಕನ್ನಡಕದಲ್ಲಿ, ಕೈಯಲ್ಲಿ ಚಹಾ ಹಿಡಿದು, ಮದುವೆ ಮಾಡಿ ಮುಗಿಸಿದವರ ಹಾಗೆ ನಗುತ್ತ ಬಂದರು. “ಕೆಲಸ ಆತು ಬಿಡು. ರೊಕ್ಕ ಬಂತಲ್ಲ, ಇನ್ನೇನು? ಹರ್ಷಿತಾ ಏಳೂವರಿಗೆ ಹೊಂಟಿದ್ಲು, ಡಿಕ್ಕಿಯಾಗ ಇಟ್ಟು ಕಳಿಸಿದೆ. ಅಂಗಡಿಯವಗ ಕೊಡೂ ತೊಂಬತ್ತು ಡಾಲರೂ ಉಳೀತು. ಶಶಿಧರಗ ನಿನ್ನಿ ರಾತ್ರೀನ ಫೋನ್ ಹಚ್ಚಿ ಹೇಳೀನಿ.”

“ಆಕಿಗೆ ಏನಂತ ಹೇಳೀರಿ?”

“ಶಶಿಧರನ ಆಟದ ಸಾಮಾನು ಅಂದೆ. ಆಕಿ ಆತ್ರಿ ಅಂಕಲ್ ಅಂದ್ಲು. ರೊಟ್ಟಿ, ಶೇಂಗಾ ಹಿಂಡಿ, ಎಲ್ಲಾ ಅದರ ಮ್ಯಾಲೇ ಇಟ್ಟೀನಿ, ಅಳ್ಳಾಡೂದಿಲ್ಲ.”

ಮೂವತ್ತು ವರ್ಷದ ಸ್ನೇಹದಲ್ಲಿ ದ್ಯಾಮಕ್ಕನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವರು ಕಿರುಚಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

“ಆ ಹುಡುಗಿ ವೀಸಾದ ಮ್ಯಾಲೆ ಅದಾಳ. ವೀಸಾದ ಮ್ಯಾಲಿದ್ದವರು ಬಂದೂಕು ಇಟ್ಟುಕೊಳ್ಳೂ ಹಂಗಿಲ್ಲ. ದೊಡ್ಡ ಅಪರಾಧ ಅದು. ಹಾದ್ಯಾಗ ಯಾವನರೆ ಪೊಲೀಸ್ ನಿಲ್ಲಿಸಿ ಡಿಕ್ಕಿ ತಗಿ ಅಂದ್ರ ಆಕಿ ಏನ್ ಹೇಳಬೇಕು? ನನಗ ಗೊತ್ತಿರಲಿಲ್ಲ ಅಂದ್ರ ಅಲ್ಲೇ ನಂಬತಾರೇನು? ಕೆಲಸ ಹೋಗ್ತೈತಿ, ಗ್ರೀನ್ ಕಾರ್ಡು ಹೋಗ್ತೈತಿ, ಆಕಿನ್ನ ದೇಶ ಬಿಡಿಸ್ತಾರ. ಯಾರ ಹುಡುಗಿ ಬಾಳೇ ಅದು, ನಿಮ್ಮ ತೊಂಬತ್ತು ಡಾಲರಿಗೆ?”

ಅಡಿವೆಪ್ಪನವರು ಚಹಾ ಬಟ್ಟಲನ್ನು ಮೇಜಿನ ಮೇಲೆ ಇಟ್ಟರು. “ನಾ... ನಾ ಚಲೋದಕ್ಕ...”

“ಗೊತ್ತೈತಿ. ಇಲ್ಲೇ ಕುಂದ್ರ್ರಿ. ಐದೈದು ನಿಮಿಷಕ್ಕ ಆಕಿಗೆ ಫೋನ್ ಹಚ್ರಿ. ಎತ್ತಿದ್ರ ಇದ್ದಲ್ಲೇ ನಿಲ್ಲು, ದ್ಯಾಮವ್ವಾ ಬರಾಕತ್ತಾಳ ಅಂತ ಹೇಳ್ರಿ. ಮತ್ತೇನೂ ಹೇಳಬ್ಯಾಡ್ರಿ. ಶೈಲಾ, ನಡಿ.”

“ಎಲ್ಲಿಗೆ ದ್ಯಾಮಕ್ಕ? ಅವಳು ಹೊರಟು ಒಂದೂವರೆ ಗಂಟೆ ಆಯ್ತಂತೆ!”

“ನಿನ್ನಿ ಸಂಜಿಕೆ ನಮ್ಮ ಗಿಡದ್ದು ನಾಕು ನಿಂಬಿಹಣ್ಣು ಕೇಳಿ ಹರಕೊಂಡು ಹೋದ್ಲು. ಉಪ್ಪಿನಕಾಯಿ ಹಾಕಾಕ ಅಲ್ಲ ಅದು. ಲಿವರ್‌ಮೋರ್ ಗುಡಿಯಾಗ ಕಾರಿನ ಪೂಜಾ ಮಾಡಿಸಿ ಹೋಗ್ತಾಳ.”

ನಾನು ಫ್ರೀವೇಯಲ್ಲಿ ಬಲಗಡೆಯ ಸಾಲು ಬಿಟ್ಟು ಕದಲದವಳು. ಲಾರಿಗಳು ಕೂಡ ನನ್ನನ್ನು ದಾಟಿ ಹೋಗುತ್ತವೆ. ಅವತ್ತು ದ್ಯಾಮಕ್ಕ ಪಕ್ಕದಲ್ಲಿ ಕೂತು, “ಎಡಕ್ಕ ತಗೋ. ಇನ್ನೂ ಎಡಕ್ಕ. ಒತ್ತವ್ವಾ, ಅದು ಹಾರ್ಮೋನಿಯಂ ಅಲ್ಲ” ಎನ್ನುತ್ತಿದ್ದರು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಆದರೂ ಒತ್ತಿದೆ.

ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ ಹರ್ಷಿತಾಳ ನೀಲಿ ಕಾರು ಇರಲಿಲ್ಲ. ನೆಲದ ಮೇಲೆ ಅಪ್ಪಚ್ಚಿಯಾದ ನಾಲ್ಕು ನಿಂಬೆಹಣ್ಣು ಬಿದ್ದಿದ್ದವು. ಅರ್ಚಕರನ್ನು ಕೇಳಿದರೆ, ಹುಡುಗಿ ಹೋಗಿ ಅರ್ಧ ಗಂಟೆಯಾಯಿತು, ಬಹಳ ದೂರ ಹೋಗಬೇಕು ಎಂದು ಎರಡೆರಡು ಸಲ ನಮಸ್ಕಾರ ಮಾಡಿ ಹೋದಳು ಎಂದರು. ದ್ಯಾಮಕ್ಕ ಚಪ್ಪಲಿ ಬಿಟ್ಟು, ದೇವರ ಕಡೆಗೆ ಎಡಗೈಯೊಂದನ್ನೇ ಎದೆಗಿಟ್ಟು, “ಆಕಿನ್ನ ಎಲ್ಲೆರೆ ನಿಲ್ಲಸಪ್ಪಾ, ಉಳಿದದ್ದು ನಾ ನೋಡ್ಕೊತೀನಿ” ಎಂದು ಅಲ್ಲಿಂದಲೇ ತಿರುಗಿದರು.

ಮತ್ತೆ ಫ್ರೀವೇ. ಗಾಳಿಯಂತ್ರಗಳ ಗುಡ್ಡ ಹತ್ತಿ ಇಳಿದೆವು. ಅಡಿವೆಪ್ಪನವರು ಫೋನ್ ಮಾಡಿ ಮಾಡಿ, ಎತ್ತುತ್ತಿಲ್ಲ, ಎತ್ತುತ್ತಿಲ್ಲ ಎಂದು ನಮಗೂ ಫೋನ್ ಮಾಡುತ್ತಿದ್ದರು. ಗುಡಿಯಲ್ಲಿ ಸದ್ದು ಆಫ್ ಮಾಡಿದ ಹುಡುಗಿ ಮತ್ತೆ ಆನ್ ಮಾಡಲು ಮರೆತಿದ್ದಾಳೆ ಎಂದು ದ್ಯಾಮಕ್ಕ ಲೆಕ್ಕ ಹಾಕಿದರು. ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ. “ಅವಳು ಸಿಗದೇ ಹೋದ್ರೆ?”

“ಸಿಗೂತನ ಹೋಗೂದು.”

“ಡಲ್ಲಾಸಿನವರೆಗಾ?”

“ನಿನ್ನ ಕಾರಿನ್ಯಾಗ ಪೆಟ್ರೋಲ್ ಎಷ್ಟೈತಿ?” ಎಂದರು, ನಗದೆ.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಹರ್ಷಿತಾ! “ಆಂಟಿ, ಹದಿನೇಳು ಮಿಸ್ಡ್ ಕಾಲ್ ಇದೆ. ಅಂಕಲ್‌ಗೆ ಏನಾದ್ರೂ ಆಯ್ತಾ?”

“ಅಂಕಲ್‌ಗೆ ಏನಾಗಿಲ್ಲ. ನೀ ಎಲ್ಲಿದ್ದಿ?”

“ಫ್ರೀವೇ ಪಕ್ಕದ ವೆಸ್ಟ್ಲಿ ರೆಸ್ಟ್ ಏರಿಯಾದಲ್ಲಿ. ಬಾತ್‌ರೂಮಿಗೆ ಅಂತ ನಿಲ್ಸಿದೆ.”

ದ್ಯಾಮಕ್ಕ ಕಣ್ಣು ಮುಚ್ಚಿ ತೆರೆದರು. ಏನಾದರೊಂದು ನೆಪ ಹೇಳಿ ಅಲ್ಲೇ ನಿಲ್ಲಿಸಿ, ಪೆಟ್ಟಿಗೆ ಎತ್ತಿಕೊಂಡು ಬಂದರೆ ಮುಗಿಯಿತು, ಹುಡುಗಿಗೆ ಗೊತ್ತೇ ಆಗುವುದು ಬೇಡ ಎಂದು ನಾನು ಸನ್ನೆ ಮಾಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.

“ಹರ್ಷಿತಾ, ಸರಿಯಾಗಿ ಕೇಳು. ನಿನ್ನ ಡಿಕ್ಕಿಯಾಗ ಅಂಕಲ್ ಇಟ್ಟದ್ದು ನನ್ನ ಬಂದೂಕು. ಗುಂಡು ಇಲ್ಲ, ಪೆಟ್ಟಿಗಿಗೆ ಕೀಲಿ ಐತಿ, ಕೀಲಿಕೈ ನನ್ನ ಹಂತೇಕ ಐತಿ. ತಪ್ಪು ನಿಂದಲ್ಲ, ನಮ್ಮದು. ಕಾರು ಲಾಕ್ ಮಾಡಿ ದೂರದ ಬೆಂಚಿನ ಮ್ಯಾಲೆ ಹೋಗಿ ಕುಂದ್ರು. ಡಿಕ್ಕಿ ತಗೀಬ್ಯಾಡ. ಪೆಟ್ಟಿಗಿ ಮುಟ್ಟಬ್ಯಾಡ. ಅರ್ಧ ತಾಸಿನ್ಯಾಗ ಬರ್ತೀನಿ.”

“ಆಂಟಿ, ಪ್ಲೀಸ್, ಜೋಕ್ ಮಾಡ್ಬೇಡಿ” ಎಂದಳು ಮೆತ್ತಗೆ.

“ಜೋಕಲ್ಲವ್ವಾ” ಎಂದರು ದ್ಯಾಮಕ್ಕ.

ನಾವು ಹೋದಾಗ ಅವಳು ಬೆಂಚಿನ ತುದಿಯಲ್ಲಿ ಕಾರಿನ ಕಡೆಗೆ ಬೆನ್ನು ಮಾಡಿ ಕೂತಿದ್ದಳು. ಕೈಯಲ್ಲಿ ಗುಡಿಯ ಕುಂಕುಮದ ಪೊಟ್ಟಣ ಹಾಗೇ ಇತ್ತು. ಕಾರಿನ ಕೀಲಿಯನ್ನು ಮಾತಿಲ್ಲದೆ ದ್ಯಾಮಕ್ಕನಿಗೆ ಚಾಚಿದಳು. ದ್ಯಾಮಕ್ಕ ಡಿಕ್ಕಿ ತೆರೆದು ರೊಟ್ಟಿಯ ಕಟ್ಟು, ಹಿಂಡಿಯ ಡಬ್ಬ, ತುಪ್ಪದ ಬಾಟಲಿ ಒಂದೊಂದಾಗಿ ಎಡಗೈಯಲ್ಲಿ ಬದಿಗಿಟ್ಟರು. ಎಲ್ಲದರ ಮೇಲೂ ಅವರದೇ ಅಕ್ಷರದ ಚೀಟಿ. ತಳದಲ್ಲಿ ಕರಿಯ ಪೆಟ್ಟಿಗೆ. ಅದೊಂದಕ್ಕೇ ಚೀಟಿ ಇರಲಿಲ್ಲ.

ಎಡಗೈಯಲ್ಲಿ ಎತ್ತಲು ನೋಡಿದರು. ಆಗಲಿಲ್ಲ. ನನ್ನ ಕಡೆ ತಿರುಗಿದರು.

“ದ್ಯಾಮಕ್ಕ, ನಾನು ಮುಟ್ಟಲ್ಲ ಅಂತ ಹೇಳಿದ್ದೆ.”

“ಆಕಿ ಮುಟ್ಟೂ ಹಂಗಿಲ್ಲ. ನನಗ ಎತ್ತಾಕ ಬರೂದಿಲ್ಲ. ನೀ ಈ ದೇಶದ ಸಿಟಿಜನ್ ಹೌದಲ್ಲೋ? ಎತ್ತು.”

ಹದಿನಾಲ್ಕು ವರ್ಷದ ಹಿಂದೆ ಕೈಯೆತ್ತಿ ಪ್ರಮಾಣ ಮಾಡುವಾಗ ಇಂಥದೊಂದು ದಿನ ಬರುತ್ತದೆಂದು ಯಾರೂ ಹೇಳಿರಲಿಲ್ಲ. ರಾಯರನ್ನು ನೆನೆದು ಎತ್ತಿದೆ. ನಮ್ಮ ಕಾರು ಹತ್ತು ಹೆಜ್ಜೆ ದೂರ. ಒಂಬತ್ತನೆಯ ಹೆಜ್ಜೆಯಲ್ಲಿ ಹೈವೇ ಪೊಲೀಸಿನ ಕಾರು ಬಂದು ಪಕ್ಕದಲ್ಲೇ ನಿಂತಿತು. ಇಳಿದವನು ಆರಡಿ ಆಳು. ಜೋಳಿಗೆ ಹಾಕಿದ ಒಬ್ಬ ಮುದುಕಿ, ಉದ್ದ ಪೆಟ್ಟಿಗೆ ಅಪ್ಪಿಕೊಂಡು ಬೆವರುತ್ತಿರುವ ಇನ್ನೊಬ್ಬಳು. ಹತ್ತಿರ ಬಂದು, ಭಾರ ಇದೆಯಾ, ಎತ್ತಿಡಲೇ ಎಂದು ಕೇಳಿದ.

ದ್ಯಾಮಕ್ಕ ನೆಟ್ಟಗೆ ನಿಂತು ತಮ್ಮ ಗೋಕಾಕದ ಇಂಗ್ಲಿಷಿನಲ್ಲಿ ಹೇಳಿದರು. ಇದು ನನ್ನ ಬಂದೂಕು ಆಫೀಸರ್. ಗುಂಡಿಲ್ಲ, ಬೀಗ ಹಾಕಿದೆ. ನನ್ನ ಭುಜ ಕೆಟ್ಟಿದೆ, ಹಾಗಾಗಿ ಲೈಸೆನ್ಸಿನ ಅಂಗಡಿಗೆ ಕೊಡಲು ಹೊರಟಿದ್ದೇನೆ. ನನ್ನ ಗೆಳತಿ ಇಡುತ್ತಾಳೆ, ಥ್ಯಾಂಕ್ಯೂ.

ಅವನು ಪೆಟ್ಟಿಗೆಯ ಬೀಗ ನೋಡಿದ, ಜೋಳಿಗೆ ನೋಡಿದ. ಮಣ್ಣಿನ ತಟ್ಟೆಯ ಆಟವೇ ಎಂದ. ಹತ್ತೊಂಬತ್ತು ವರ್ಷ ಎಂದರು ದ್ಯಾಮಕ್ಕ. ಪಾಪ, ಬಿಡುವುದು ಕಷ್ಟ ಎಂದು ಟೋಪಿ ಸರಿಮಾಡಿಕೊಂಡು ಬಾತ್‌ರೂಮಿನ ಕಡೆ ಹೋದ. ನಾನು ಪೆಟ್ಟಿಗೆ ಡಿಕ್ಕಿಗೆ ನೂಕಿ, ಬಾಗಿಲು ಹಾಕಿ, ಅದರ ಮೇಲೇ ಕೂತುಬಿಟ್ಟೆ.

ಆಮೇಲೆ ಹರ್ಷಿತಾಳಿಗೆ ಸಿಟ್ಟು ಬಂತು. ಬರಬೇಕಾದ್ದೇ. ಬೆಂಚಿನಿಂದ ಎದ್ದು ಬಂದವಳು ಅಳುತ್ತಲೇ ಕೂಗಿದಳು. “ಎಂಟು ವರ್ಷ ಆಂಟಿ! ಎಂಟು ವರ್ಷದಲ್ಲಿ ಒಂದು ಪಾರ್ಕಿಂಗ್ ಟಿಕೆಟ್ ತಗೊಂಡಿಲ್ಲ ನಾನು. ಯಾವುದಾದ್ರೂ ಫಾರಂನಲ್ಲಿ ಬರೀಬೇಕಾಗತ್ತೆ ಅಂತ ಹೆದರ್ಕೊಂಡೇ ಬದುಕಿದೀನಿ. ಅಂಕಲ್ ನನ್ನ ಒಂದು ಮಾತು ಕೇಳ್ಬಹುದಿತ್ತಲ್ವಾ? ನಾನು ಅಷ್ಟು ನಂಬಿದ್ದೆ!”

ದ್ಯಾಮಕ್ಕ ಸಮಾಧಾನ ಮಾಡಲು ಹೋಗಲಿಲ್ಲ. ಬದಿಗಿಟ್ಟಿದ್ದ ಡಬ್ಬಗಳನ್ನು ತೋರಿಸಿ, “ತಗೀ. ಒಂದೊಂದನ್ನೂ ತಗದು ನೋಡು. ಚೀಟಿ ಮ್ಯಾಲೆ ಬರೆದದ್ದೇ ಒಳಗ ಐತೇನು ನೋಡು. ಆಮ್ಯಾಲೆ ಬೇಕಾದ್ರ ಒಯ್ಯಿ, ಇಲ್ಲಂದ್ರ ಇಲ್ಲೇ ಬಿಟ್ಟು ಹೋಗು” ಎಂದರು.

ಅವಳು ನಿಜವಾಗಿಯೂ ತೆಗೆದಳು. ಪಿಕ್ನಿಕ್ ಮೇಜಿನ ಮೇಲೆ, ಲಾರಿಗಳ ಸದ್ದಿನ ನಡುವೆ, ರೊಟ್ಟಿಯ ಕಟ್ಟು ಬಿಚ್ಚಿದಳು, ಹಿಂಡಿಗೆ ಚಮಚ ಹಾಕಿ ತಳದವರೆಗೆ ನೋಡಿದಳು. ಅಡಿವೆಪ್ಪನವರು ತಾವೇ ಇಟ್ಟಿದ್ದ ಕರದಂಟಿನ ಡಬ್ಬವನ್ನು ಬಿಚ್ಚದೆ ವಾಪಸು ದ್ಯಾಮಕ್ಕನ ಕೈಗೆ ಕೊಟ್ಟಳು. ಉಳಿದದ್ದನ್ನು ತುಂಬಿಕೊಂಡು ಹೊರಟಳು. ನಮಸ್ಕಾರ ಮಾಡಿದಳು, ಆದರೆ ಮುಖ ನೋಡಲಿಲ್ಲ.

ವಾಪಸು ಬರುತ್ತ ನೇರ ಬಂದೂಕಿನ ಅಂಗಡಿಗೆ ಹೋದೆವು. ಅಂಗಡಿಯವನು ಪೆಟ್ಟಿಗೆ ತೆರೆಸಿ, ನಳಿಗೆ ಖಾಲಿಯೆಂದು ನೋಡಿ, ಬಂದೂಕಿನ ಮೇಲೆ ಕೆತ್ತಿದ ನಂಬರನ್ನು ಕಾಗದದ ನಂಬರಿಗೆ ಎರಡು ಸಲ ತಾಳೆ ನೋಡಿದ. ಡಲ್ಲಾಸಿನ ಅಂಗಡಿಗೆ ಫೋನ್ ಮಾಡಿ ಅವರ ಲೈಸೆನ್ಸು ಸರಿಯೆಂದು ಖಾತ್ರಿ ಮಾಡಿಕೊಂಡ. ತೊಂಬತ್ತು ಡಾಲರ್ ತೆಗೆದುಕೊಂಡು ರಸೀತಿ ಕೊಟ್ಟ. ದ್ಯಾಮಕ್ಕ ಎಡಗೈಯಲ್ಲಿ ವಕ್ರವಕ್ರವಾಗಿ ಸಹಿ ಹಾಕಿದರು. ಬಂದೂಕಿನ ಹಿಡಿಯ ಮೇಲೆ ಹೋದ ದಸರೆಯ ವಿಭೂತಿ ಸ್ವಲ್ಪ ಉಳಿದಿತ್ತು. ಸೆರಗಿನ ತುದಿಯಿಂದ ಅದನ್ನು ಒರೆಸಿ, “ಮುಚ್ಚಪ್ಪಾ” ಎಂದು ಕನ್ನಡದಲ್ಲೇ ಹೇಳಿದರು. ಅವನಿಗೂ ಅರ್ಥವಾಯಿತು. ಅಲ್ಲಿಂದಲೇ ಶಶಿಧರನಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿ, ನಿನಗೂ ಒಂದು ಮಾತು ಹೊಳೀಲಿಲ್ಲೇನೋ ಎಂದು ಚೆನ್ನಾಗಿ ಬೈದರು. ಬೇಡವೆಂದರೆ ದುಡ್ಡು ವಾಪಸು ಕಳಿಸುತ್ತೇನೆ ಎಂದರು. ಶಶಿಧರ, ದುಡ್ಡು ಬೇಡ ದ್ಯಾಮಕ್ಕ, ಬೈಗುಳ ಮಾತ್ರ ಸಾಕು ಎಂದರಂತೆ.

ಮನೆಯಲ್ಲಿ ಅಡಿವೆಪ್ಪನವರು ನಾವು ಬಿಟ್ಟುಹೋದ ಕುರ್ಚಿಯಲ್ಲೇ ಇದ್ದರು. ಚಹಾದ ಮೇಲೆ ಕೆನೆ ಕಟ್ಟಿತ್ತು. ದ್ಯಾಮಕ್ಕ ಕರದಂಟಿನ ಡಬ್ಬವನ್ನು ಅವರ ಮುಂದೆ ಇಟ್ಟರು.

“ನಾವೂ ಹನ್ನೊಂದು ವರ್ಷ ಆಕಿ ಹಂಗ ಇದ್ವಿ. ರಸ್ತೆ ದಾಟಾಕೂ ಅಂಜತಿದ್ವಿ. ನಿಮ್ಮ ಅವ್ವ ಹೋದಾಗ ತಿರುಗಿ ಬರಾಕ ವೀಸಾದ ಮುದ್ರಿ ಸಿಗೂದಿಲ್ಲ ಅಂತ ಊರಿಗೆ ಹೋಗಲಿಲ್ಲ ನೀವು. ಇದೇ ಕುರ್ಚಿ ಮ್ಯಾಲೆ ಕುಂತು ಅತ್ತಿರಿ. ಈ ದೇಶದ ಪಾಸ್‌ಪೋರ್ಟು ಬಂದಿದ್ದೇ ತಡ, ಎಲ್ಲಾ ಮರತು ಹೋತು ನಿಮಗ.”

ಅಡಿವೆಪ್ಪನವರು ಕಪ್ಪು ಕನ್ನಡಕ ತೆಗೆದರು. ಆಪರೇಷನ್ ಆದ ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರು. ಅದನ್ನು ನೆನಪಿಸುವ ಧೈರ್ಯ ನನಗಾಗಲಿಲ್ಲ.

ಬಂದೂಕು ಹತ್ತು ದಿನದಲ್ಲಿ ಅಲ್ಲಿಯ ಅಂಗಡಿ ಸೇರಿತು. ಐಶ್ವರ್ಯಾ ಅದರಲ್ಲಿ ಹತ್ತೊಂಬತ್ತು ತಟ್ಟೆ ಹೊಡೆದೆನೆಂದು ಇಂಗ್ಲಿಷಿನಲ್ಲಿ ಸಂದೇಶ ಕಳಿಸಿದಳು. ದ್ಯಾಮಕ್ಕ ಅದನ್ನು ನನಗೆ ಮೂರು ಸಲ ಓದಿ ಹೇಳಿದರು. ಆದರೆ ಹರ್ಷಿತಾ ಅಡಿವೆಪ್ಪನವರ ಫೋನು ಎತ್ತಲಿಲ್ಲ. ದ್ಯಾಮಕ್ಕನ ಜೊತೆ ಮಾತಾಡುತ್ತಿದ್ದಳು, ಅಂಕಲ್‌ಗೆ ಕೊಡಲೇ ಎಂದರೆ ಮೀಟಿಂಗು ಇದೆ ಎನ್ನುತ್ತಿದ್ದಳು. ಮೂರು ತಿಂಗಳು ಅಡಿವೆ‌ಪ್ಪನವರು ಯಾರ ಕೈಯಲ್ಲೂ ಏನನ್ನೂ ಕಳಿಸಲಿಲ್ಲ. ಊರಿಗೆ ಹೊರಟವರು ಬಂದು, ಏನಾದರೂ ಕೊಡುವುದಿದೆಯಾ ಎಂದು ತಾವಾಗಿ ಕೇಳಿದರೂ ತಲೆಯಾಡಿಸಿಬಿಡುತ್ತಿದ್ದರು. ನೋಡಲು ಆಗುತ್ತಿರಲಿಲ್ಲ.

ಸಂಕ್ರಾಂತಿಯ ದಿನ ಡಲ್ಲಾಸಿನಿಂದ ಆಫೀಸಿನ ಕೆಲಸಕ್ಕೆ ಬಂದ ಒಬ್ಬ ಹುಡುಗ ಅವರ ಬಾಗಿಲು ತಟ್ಟಿದ. ನಾನೂ ಎಳ್ಳು ಬೀರಲು ಹೋಗಿದ್ದೆ. ಹುಡುಗನ ಕೈಯಲ್ಲಿ ಒಂದು ಬಟ್ಟೆಯ ಚೀಲ. ಹರ್ಷಿತಾ ಕೊಟ್ಟು ಕಳಿಸಿದ್ದಾಳೆ, ಅಂಕಲ್ ಕೈಗೇ ಕೊಡಬೇಕಂತೆ, ನನಗೂ ಎಲ್ಲ ಬಿಚ್ಚಿ ತೋರಿಸಿಯೇ ಕೊಟ್ಟಳು ಎಂದ. ಚೀಲದ ಬಾಯಿ ಕಟ್ಟಿರಲಿಲ್ಲ. ಮೇಲೆ ಒಂದು ಹಾಳೆಗೆ ಪಿನ್ನು ಚುಚ್ಚಿತ್ತು.

ಅಡಿವೆಪ್ಪನವರು ಬಾಗಿಲಲ್ಲೇ ನಿಂತು ಜೋರಾಗಿ ಓದತೊಡಗಿದರು. ಎಳ್ಳುಬೆಲ್ಲ ಅರ್ಧ ಕೆ.ಜಿ., ಸಕ್ಕರೆ ಅಚ್ಚು ಹನ್ನೆರಡು. ಅಂಕಲ್‌ಗೆ ಒಂದು ಸ್ವೆಟರ್, ನೀಲಿ. ಒಂದೊಂದು ಓದಿದ ಹಾಗೂ ದ್ಯಾಮಕ್ಕ ಅದನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಕೊನೆಯ ಸಾಲಿಗೆ ಬಂದವರು ನಿಂತುಬಿಟ್ಟರು. ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು.

“ಕಣ್ಣು ಕಾಣವಲ್ದು ದ್ಯಾಮವ್ವಾ. ನೀನ ಓದು.”

ಪೊರೆ ತೆಗೆಸಿದ ಮೇಲೆ ಅವರ ಕಣ್ಣು ನನ್ನ ಕಣ್ಣಿಗಿಂತ ಚುರುಕಾಗಿತ್ತು. ದ್ಯಾಮಕ್ಕ ಹಾಳೆ ತೆಗೆದುಕೊಂಡು ಓದಿದರು.

“ಚೀಲದಲ್ಲಿ ಬೇರೇನೂ ಇಲ್ಲ ಅಂಕಲ್. ಮುಂದಿನ ವಾರ ಇವನು ವಾಪಸ್ ಬರ್ತಾನೆ, ಆ ಕರದಂಟು ಕಳ್ಸಿ.”